ಕೊನೆಯ ಸಾಲು ಬಿಡಿ, ಮೊದಲ ಎರರ್ ಹುಡುಕಿ

ಲಿನಕ್ಸ್ ಕರ್ನೆಲ್ ಕಂಪೈಲ್ ಮಾಡಲು ಹೋಗಿ ಕೈಚೆಲ್ಲಿ ಕೂತ ಹುಡುಗರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಫೋಟೊಗಳೆಲ್ಲ ಒಂದೇ ಥರ ಇರುತ್ತವೆ. ಕಪ್ಪು ಪರದೆ, ಅದರ ತುಂಬ ಬಿಳಿ ಅಕ್ಷರ, ಕಟ್ಟಕಡೆಯಲ್ಲಿ ‘ಸಬ್‌ಮೇಕ್, ಎರರ್ 2’ ಎಂಬ ಸಾಲು. ಕೆಳಗೆ ‘ಸರ್, ಇದಕ್ಕೇನು ಮಾಡ್ಬೇಕು?’ ಎಂಬ ಪ್ರಶ್ನೆ. ಆ ಸಾಲಿಗೆ ಮಾಡುವಂಥದ್ದು ಏನೂ ಇಲ್ಲ. ಕರ್ನೆಲ್ ಬಿಲ್ಡ್ ನಡೆಸುವ ಮೇಕ್ ಎಂಬ ತಂತ್ರಾಂಶ ಒಂದೊಂದು ಫೋಲ್ಡರಿಗೂ ತನ್ನದೇ ಇನ್ನೊಂದು ಪ್ರತಿಯನ್ನು ಕಳಿಸಿ ಕೆಲಸ ಮಾಡಿಸುತ್ತದೆ. ಒಳಗೆಲ್ಲೋ ಒಂದು ಫೈಲಿನ ಮೇಲೆ ಕಂಪೈಲರ್ ಸೋತರೆ ಅಲ್ಲಿ ‘ಎರರ್ 1’ ಬೀಳುತ್ತದೆ. ಅದನ್ನು ಕಂಡು ಮೇಲಿನ ಮೇಕ್ ನಿಲ್ಲುತ್ತದೆ, ಅದರ ಮೇಲಿನದೂ ನಿಲ್ಲುತ್ತದೆ. ಹೀಗೆ ಮೇಲೇರುತ್ತ ಬಂದದ್ದೇ ‘ಎರರ್ 2’. ‘ಕೆಳಗಿನವರು ನಿಲ್ಲಿಸಿದರು, ನಾನೂ ನಿಲ್ಲಿಸಿದೆ’ ಎಂದಷ್ಟೇ ಅದು ಹೇಳುವುದು. ಕಾರಣ ಬಿದ್ದಿರುವುದು ನೂರಾರು ಸಾಲು ಮೇಲೆ, ಫೋಟೊದಲ್ಲಿ ಬಾರದ ಜಾಗದಲ್ಲಿ.

ಇದನ್ನು ವಿವರವಾಗಿ ಬರೆಯಬೇಕು ಅನ್ನಿಸಿದ್ದು ಯಲಹಂಕ ನ್ಯೂಟೌನ್‌ನ ಒಂದು ಕಂಪ್ಯೂಟರಿನಿಂದ. ನಮ್ಮಕ್ಕನ ಮಗನದು. ನಾಲ್ಕು ಕೋರಿನ ಹಳೇ ಇಂಟೆಲ್ ಐ5, 8 ಜಿಬಿ ರ‍್ಯಾಮ್, ಮೇಲೆ ಉಬುಂಟು. ರ‍್ಯಾಮಿನಲ್ಲಿ 4 ಜಿಬಿಯ ಒಂದು ಸ್ಟಿಕ್ ಮೊದಲಿಂದ ಇದ್ದದ್ದು, ಇನ್ನೊಂದು ಎಸ್.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್ ತಂದು ಹಾಕಿದ್ದು. ಎಂಜಿನಿಯರಿಂಗ್ ಓದುವ ಹುಡುಗ; ಆಪರೇಟಿಂಗ್ ಸಿಸ್ಟಂ ವಿಷಯಕ್ಕೆ ತನ್ನದೇ ಒಂದು ಸಿಸ್ಟಂ ಕಾಲ್ ಸೇರಿಸಿ ತೋರಿಸಬೇಕಿತ್ತು. ಡ್ರೈವರನ್ನಾದರೆ ಬೇರೆ ಮಾಡ್ಯೂಲ್ ಮಾಡಿ ಓಡುವ ಕರ್ನೆಲ್‌ಗೆ ಜೋಡಿಸಬಹುದು. ಸಿಸ್ಟಂ ಕಾಲ್ ಹಾಗಲ್ಲ, ಅದು ಕರ್ನೆಲ್‌ನ ಒಳಪಟ್ಟಿಗೇ ಸೇರಬೇಕು, ಹಾಗಾಗಿ ಇಡೀ ಕರ್ನೆಲ್ ಮತ್ತೆ ಕಟ್ಟಬೇಕು. ಆ ಒಂದೇ ಪೆಟ್ಟಿಗೆಯಲ್ಲಿ ಬಿಲ್ಡ್ ಕೆಡುವ ಬಗೆಗಳೆಲ್ಲ ಒಂದರ ಹಿಂದೆ ಒಂದು ಬಂದು ಹೋದವು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಯಂತ್ರ ಸಿಗುವುದು ಕಷ್ಟ.

ಕರ್ನೆಲ್ ಎಂದರೆ ಹಾರ್ಡ್‌ವೇರಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ಕೂತು ಮೆಮೊರಿ, ಪ್ರೊಸೆಸರ್ ಸಮಯ, ಡಿಸ್ಕು, ನೆಟ್‌ವರ್ಕುಗಳನ್ನು ಹಂಚಿಕೊಡುವ ಭಾಗ. ಲಿನಸ್ ಟೋರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ 1991ರಲ್ಲಿ ಹೊರಬಿಟ್ಟ ಮೊದಲ ಆವೃತ್ತಿ ಸುಮಾರು 10 ಸಾವಿರ ಸಾಲಿನದು. ಈಗ ಅದು ಮೂರು ಕೋಟಿ ಸಾಲು ದಾಟಿದೆ, ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಆ ಸಾಲುಗಳಲ್ಲಿ ಅರ್ಧಕ್ಕೂ ಹೆಚ್ಚು ಡ್ರೈವರುಗಳದೇ. ನಿಮ್ಮ ಮೇಜಿನ ಮೇಲಿರುವ ಯಂತ್ರಕ್ಕೆ ಅದರಲ್ಲಿ ಬೇಕಾಗುವುದು ತೀರ ಚಿಕ್ಕ ಪಾಲು. ಯಾವುದು ಬೇಕು, ಯಾವುದು ಬೇಡ ಎಂಬ ಸಾವಿರಾರು ಆಯ್ಕೆಗಳು ಕಾನ್ಫಿಗ್ ಎಂಬ ಒಂದು ಫೈಲಿನಲ್ಲಿ ಇರುತ್ತವೆ. ಮೊದಲ ಎಡವಟ್ಟು ಸಾಮಾನ್ಯವಾಗಿ ಅಲ್ಲೇ.

‘ಮಾಮ, ಶುರು ಆಗಿ ಸ್ವಲ್ಪ ಹೊತ್ತಿಗೇ ನಿಂತೋಯ್ತು’ ಎಂದು ಹುಡುಗ ಫೋನ್ ಮಾಡಿದ. ‘ಮೂರು ನಕ್ಷತ್ರ ಇರೋ ಸಾಲುಗಳಲ್ಲಿ ಎಲ್ಲಕ್ಕಿಂತ ಮೇಲಿಂದು ಯಾವ್ದು ನೋಡು, ಅದರ ಮೇಲಿನ ನಾಲ್ಕು ಸಾಲು ಸೇರಿಸಿ ಓದು’ ಅಂದೆ. ಮೇಕ್ ಕೆಲಸ ಕೈಬಿಟ್ಟಾಗಲೆಲ್ಲ ಸಾಲಿನಲ್ಲಿ ಮೂರು ನಕ್ಷತ್ರ ಹಾಕುತ್ತದೆ. ಬಿಲ್ಡಿನ ಔಟ್‌ಪುಟ್ಟನ್ನೆಲ್ಲ ಒಂದು ಲಾಗ್ ಫೈಲಿಗೆ ಇಳಿಸಿಕೊಂಡು, ಅದರಲ್ಲಿ ಮೊದಲ ನಕ್ಷತ್ರದ ಸಾಲು ಹುಡುಕುವುದು ನನ್ನ ರೂಢಿ. ನಾಲ್ಕು ಕೋರುಗಳಲ್ಲಿ ನಾಲ್ಕು ಫೈಲು ಒಟ್ಟಿಗೆ ಕಂಪೈಲ್ ಆಗುತ್ತಿರುವಾಗ ಒಂದು ಬಿದ್ದರೂ ಉಳಿದ ಮೂರು ಮುಗಿಯುವತನಕ ಸಾಲುಗಳು ಬರುತ್ತಲೇ ಇರುತ್ತವೆ. ‘ವೇಟಿಂಗ್ ಫಾರ್ ಅನ್‌ಫಿನಿಶ್ಡ್ ಜಾಬ್ಸ್’ ಎಂದು ಮೇಕ್ ಸಾರುವುದು ಆಗಲೇ. ನಿಜವಾದ ಎರರ್ ಅಷ್ಟರಲ್ಲಿ ಮೇಲೆ ಓಡಿಹೋಗಿರುತ್ತದೆ. ಲಾಗ್ ಇಲ್ಲದಿದ್ದರೂ ಚಿಂತೆಯಿಲ್ಲ. ಒಂದೇ ಜಾಬ್ ಎಂದು ಹೇಳಿ ಮೇಕ್ ಅನ್ನು ಮತ್ತೆ ಓಡಿಸಿ. ಆಗಿರುವ ಫೈಲುಗಳನ್ನು ಅದು ಬಿಟ್ಟು ಮುಂದೆ ಹೋಗಿ, ಕೆಟ್ಟ ಜಾಗಕ್ಕೇ ಬಂದು ನಿಲ್ಲುತ್ತದೆ.

ಅವನಿಗೆ ಸಿಕ್ಕ ಸಾಲು ‘ಡೆಬಿಯನ್’ ಫೋಲ್ಡರಿನ ‘ಕ್ಯಾನೊನಿಕಲ್-ಸರ್ಟ್ಸ್.ಪೆಮ್’ ಎಂಬ ಫೈಲನ್ನು ಮಾಡುವ ದಾರಿ ಗೊತ್ತಿಲ್ಲ ಎನ್ನುತ್ತಿತ್ತು. ಉಬುಂಟುವಿನಲ್ಲಿ ಕೂತು ಕರ್ನೆಲ್.ಆರ್ಗ್‌ನಿಂದ ಕೋಡ್ ಇಳಿಸಿಕೊಂಡವರನ್ನು ಬಹಳ ಸಲ ಕಾಡುವ ಎರರ್ ಇದು. ಎಲ್ಲರೂ ಮಾಡುವಂತೆ ಅವನೂ ಬೂಟ್ ಫೋಲ್ಡರಿನಲ್ಲಿದ್ದ ಉಬುಂಟುವಿನ ಕಾನ್ಫಿಗ್ ಫೈಲನ್ನೇ ನಕಲು ಮಾಡಿದ್ದ. ಉಬುಂಟು ತಯಾರಿಸುವ ಕ್ಯಾನೊನಿಕಲ್ ಕಂಪನಿ ತನ್ನ ಕರ್ನೆಲ್‌ಗೆ ತನ್ನದೇ ಪ್ರಮಾಣಪತ್ರ ಸೇರಿಸುತ್ತದೆ. ಆ ಪ್ರಮಾಣಪತ್ರದ ವಿಳಾಸ ಕಾನ್ಫಿಗ್‌ನಲ್ಲಿ ಬರೆದಿರುತ್ತದೆ. ಕರ್ನೆಲ್.ಆರ್ಗ್‌ನ ಕೋಡಿನಲ್ಲಿ ಆ ಫೈಲೇ ಇಲ್ಲ. ‘ಸಿಸ್ಟಂ ಟ್ರಸ್ಟೆಡ್ ಕೀಸ್’ ಎಂಬ ಆಯ್ಕೆಯನ್ನು ಖಾಲಿ ಬಿಟ್ಟರೆ ಮುಗಿಯಿತು. ಅದರ ಜೊತೆಯ ‘ರಿವೊಕೇಶನ್ ಕೀಸ್’ ಕೂಡ ಖಾಲಿ ಮಾಡಬೇಕು, ಇಲ್ಲದಿದ್ದರೆ ಇಂಥದೇ ಇನ್ನೊಂದು ಎರರ್ ಬಂದು ನಿಲ್ಲುತ್ತದೆ. ಕೋಡಿನಲ್ಲಿ ತಪ್ಪಿಲ್ಲ, ಯಂತ್ರದಲ್ಲೂ ತಪ್ಪಿಲ್ಲ. ಒಬ್ಬರ ಮನೆಗೆ ಬರೆದ ಪಟ್ಟಿ ಇನ್ನೊಬ್ಬರ ಮನೆಗೆ ಬಂದಿದೆ.

ಇದೇ ಜಾತಿಗೆ ಸೇರಿದವು ಇನ್ನೂ ಇವೆ. ಫ್ಲೆಕ್ಸ್, ಬೈಸನ್ ಎಂಬ ಸಾಧನಗಳಿಲ್ಲ. ಓಪನ್‌ಎಸ್‌ಎಸ್‌ಎಲ್, ಲಿಬ್‌ಎಲ್ಫ್‌ಗಳ ಡೆವಲಪ್‌ಮೆಂಟ್ ಪ್ಯಾಕೇಜ್ ಇಲ್ಲ. ಕೋಡ್ ಇಟ್ಟ ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗ ಬಂದಿದೆ. ಎಲ್ಲವೂ ಮೊದಲ ಎರರ್ ಓದಿದರೆ ಐದು ನಿಮಿಷದ ಕೆಲಸ. ಹಳೇ ಕರ್ನೆಲ್, ಹೊಸ ಕಂಪೈಲರ್ ಜೋಡಿ ಮಾತ್ರ ಸ್ವಲ್ಪ ಹೊತ್ತು ತಿನ್ನುತ್ತದೆ. 2020ರಲ್ಲಿ ಬಂದ ಜಿಸಿಸಿ 10 ಕಂಪೈಲರ್, ಒಂದೇ ವೇರಿಯಬಲ್ಲನ್ನು ಎರಡು ಫೈಲುಗಳಲ್ಲಿ ಘೋಷಿಸಿದರೆ ಸುಮ್ಮನಿರುವುದನ್ನು ಬಿಟ್ಟಿತು. ಅದರಿಂದ ಹಲವು ಹಳೇ ಕರ್ನೆಲ್‌ಗಳು ‘ವೈವೈಲಾಕ್’ ಎಂಬ ಹೆಸರಿನ ಬಳಿ ಮುಗ್ಗರಿಸಿದವು. 2025ರ ಜಿಸಿಸಿ 15 ಸಿ ಭಾಷೆಯ 2023ರ ಮಾನದಂಡವನ್ನು ತಾನಾಗಿ ಅನುಸರಿಸುತ್ತದೆ. ಅದರಲ್ಲಿ ‘ಟ್ರೂ’, ‘ಫಾಲ್ಸ್’ ಭಾಷೆಯ ಸ್ವಂತ ಪದಗಳಾದ್ದರಿಂದ, ಅವನ್ನು ತಾವೇ ಘೋಷಿಸಿಕೊಂಡಿದ್ದ ಹಳೇ ಕರ್ನೆಲ್‌ಗಳು ಅದರ ಕೈಯಲ್ಲಿ ಆಗುವುದಿಲ್ಲ. ಕಾಲೇಜಿನ ನೋಟ್ಸಿನಲ್ಲಿ ಬರೆದಿದೆ ಎಂದು ಹತ್ತು ವರ್ಷ ಹಿಂದಿನ ಆವೃತ್ತಿ ಇಳಿಸಿಕೊಂಡು ಒದ್ದಾಡುವ ವಿದ್ಯಾರ್ಥಿಗಳಿದ್ದಾರೆ. ದೀರ್ಘಾವಧಿ ಬೆಂಬಲ ಇರುವ ಈಚಿನ ಆವೃತ್ತಿಯನ್ನೇ ತೆಗೆದುಕೊಳ್ಳಿ.

ಪ್ರಮಾಣಪತ್ರದ ತೊಡಕು ಕಳೆದ ಮೇಲೆ ಯಲಹಂಕದ ಯಂತ್ರ ಉಸಿರುಗಟ್ಟಿ ನಿಂತಿತು. ಮೌಸ್ ಅಲ್ಲಾಡುತ್ತಿಲ್ಲ, ಆಮೇಲೆ ಪರದೆಯಲ್ಲಿ ಬರೀ ‘ಕಿಲ್ಡ್’. ಮೇಕ್‌ಗೆ ಎಷ್ಟು ಕೆಲಸ ಒಟ್ಟಿಗೆ ನಡೆಸಬೇಕೆಂದು ‘ಜೆ’ ಜೊತೆಗೆ ಸಂಖ್ಯೆ ಕೊಡುತ್ತೇವೆ. ಅವನು ಸಂಖ್ಯೆ ಬಿಟ್ಟಿದ್ದ. ಸಂಖ್ಯೆ ಇಲ್ಲದಿದ್ದರೆ ಮಿತಿಯಿಲ್ಲ ಎಂದು ಅರ್ಥ. ಮೇಕ್ ಕಂಪೈಲರುಗಳನ್ನು ಒಂದರ ಮೇಲೊಂದು ಎಬ್ಬಿಸುತ್ತ ಹೋಯಿತು, 8 ಜಿಬಿ ತುಂಬಿತು, ಓಡುತ್ತಿದ್ದ ಕರ್ನೆಲ್ ತಾನು ಉಳಿಯಲು ಕಂಪೈಲರನ್ನೇ ಕೊಂದಿತು. ಇದಕ್ಕೆ ಸಾಕ್ಷಿ ಬಿಲ್ಡ್ ಲಾಗ್‌ನಲ್ಲಿ ಇರುವುದಿಲ್ಲ, ಡಿಮೆಸೇಜ್ ಎಂಬ ಕರ್ನೆಲ್‌ನದೇ ದಿನಚರಿಯಲ್ಲಿ ‘ಔಟ್ ಆಫ್ ಮೆಮೊರಿ’ ಎಂದು ಬರೆದಿರುತ್ತದೆ. ಕಿಲ್ಡ್ ಎಂದು ಕಂಡರೆ ನೋಡಬೇಕಾದ್ದು ಅಲ್ಲಿ.

ಸಂಖ್ಯೆ ಸರಿಯಾಗಿ ಕೊಟ್ಟವರಿಗೂ ಕಟ್ಟಕಡೆಯ ಹಂತದಲ್ಲಿ ಇದೇ ಪೆಟ್ಟು ಬೀಳಬಹುದು. ಉಬುಂಟುವಿನ ಕಾನ್ಫಿಗ್ ಸಾವಿರಾರು ಮಾಡ್ಯೂಲುಗಳ ಜೊತೆಗೆ ಡೀಬಗ್ ಮಾಹಿತಿಯನ್ನೂ ಕೇಳುತ್ತದೆ. ಎಲ್ಲ ಫೈಲೂ ಸೇರಿ ‘ವಿಎಂಲಿನಕ್ಸ್’ ಎಂಬ ಒಂದೇ ಫೈಲ್ ಆಗುವಾಗ, ಆ ಮಾಹಿತಿಯನ್ನು ಕುಗ್ಗಿಸಿಡಲು ಪಾಹೋಲ್ ಎಂಬ ಸಾಧನ ಓಡುತ್ತದೆ. ಹಲವು ಜಿಬಿ ಮೆಮೊರಿ ಅದೊಂದೇ ತಿನ್ನಬಲ್ಲದು. ಡಿಸ್ಕೂ ಹತ್ತಾರು ಜಿಬಿ ಬೇಕು. ಗಂಟೆಗಟ್ಟಲೆ ಕಾದು ಕೊನೇ ನಿಮಿಷದಲ್ಲಿ ಬಿಲ್ಡ್ ಬೀಳುವುದು ಬಹಳ ಸಲ ಇಲ್ಲೇ. ಒಂದು ಯಂತ್ರಕ್ಕೆ ಮಾತ್ರ ಕಟ್ಟುವವರು ಈ ಹೊರೆ ಹೊರಬೇಕಿಲ್ಲ. ‘ಲೋಕಲ್‌ಮಾಡ್‌ಕಾನ್ಫಿಗ್’ ಎಂದು ಮೇಕ್‌ಗೆ ಹೇಳಿದರೆ ಈ ಕ್ಷಣ ಯಾವ ಮಾಡ್ಯೂಲುಗಳು ಬಳಕೆಯಲ್ಲಿವೆಯೋ ಅವನ್ನಷ್ಟೇ ಉಳಿಸಿ ಮಿಕ್ಕಿದ್ದನ್ನು ತೆಗೆದುಹಾಕುತ್ತದೆ. ಡೀಬಗ್ ಮಾಹಿತಿಯನ್ನೂ ತೆಗೆಯಿರಿ. ಆದರೆ ಆ ಆಜ್ಞೆ ಕೊಡುವ ಮುಂಚೆ ಪೆನ್‌ಡ್ರೈವ್, ವೈಫೈ ಡಾಂಗಲ್, ಪ್ರಿಂಟರ್, ವೆಬ್‌ಕ್ಯಾಮ್ ಎಲ್ಲ ಚುಚ್ಚಿಟ್ಟಿರಬೇಕು. ಆಗ ಕಾಣದ ಸಾಧನದ ಡ್ರೈವರ್ ಹೊಸ ಕರ್ನೆಲ್‌ನಲ್ಲಿ ಇರುವುದಿಲ್ಲ.

ಬಿಲ್ಡ್ ಸರಾಗವಾಗಿ ಓಡುವಾಗ ಪರದೆಯ ಮೇಲೆ ಫೈಲುಗಳ ಹೆಸರುಗಳು ಹರಿಯುತ್ತಿರುತ್ತವೆ. ಅದರ ನಡುವೆ ‘ಕೆಪ್ರೋಬ್ಸ್’ ಎಂಬ ಒಂದು ಹೆಸರು ಹಾದುಹೋಗುತ್ತದೆ. ಓಡುತ್ತಿರುವ ಕರ್ನೆಲ್ಲನ್ನು ನಿಲ್ಲಿಸದೆ ಅದರ ಬಹುಮಟ್ಟಿಗೆ ಯಾವುದೇ ಫಂಕ್ಷನ್ನಿನ ಮೇಲೆ ಕಣ್ಣಿಡುವ ಸೌಲಭ್ಯ ಅದು. ಆ ಫೈಲ್ ತೆರೆದು ತಲೆಬರಹ ಓದಿಸಿದೆ. 2002ರಲ್ಲಿ ಮೊದಲು ಬರೆದವರು ವಂಶಿ ಕೃಷ್ಣ, 2004ರಲ್ಲಿ ಬೆಳೆಸಿದವರು ಪ್ರಸನ್ನ ಪಂಚಮುಖಿ, ಸುಪರ್ಣಾ ಭಟ್ಟಾಚಾರ್ಯ. ಮೂವರದೂ ಐಬಿಎಂ ಇಂಡಿಯಾದ ವಿಳಾಸ. ಲೋಕದ ಲೆಕ್ಕವಿಲ್ಲದಷ್ಟು ಸರ್ವರುಗಳಲ್ಲಿ ಇಂದು ಈ ಕೋಡ್ ಓಡುತ್ತಿದೆ. ‘ಪಂಚಮುಖಿ ಅಂದ್ರೆ ನಮ್ ಕಡೆಯೋರಾ ಮಾಮ?’ ಎಂದು ಹುಡುಗ ಕುರ್ಚಿ ಮುಂದಕ್ಕೆಳೆದುಕೊಂಡ. ಕರ್ನೆಲ್ ಯಾರೋ ಎಲ್ಲೋ ಮಾಡುವ ವಸ್ತು ಎಂಬ ಭಾವನೆ ಹೋಗಲು ಅಷ್ಟು ಸಾಕಾಯಿತು.

ಬೆಂಗಳೂರಿಗೆ ಈ ಕೆಲಸದ ನೆನಪು ಇನ್ನೂ ಹಳೆಯದು. 1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ಸಿಡಿಯಲ್ಲಿ ಲಿನಕ್ಸ್ ಹಂಚಿದಾಗ ಅದರ ಹಿಂದೆ ಇದ್ದವರು ಇಲ್ಲಿನ ಅತುಲ್ ಚಿಟ್ನಿಸ್. ಡಯಲ್‌ಅಪ್ ಕಾಲದಲ್ಲಿ ಕರ್ನೆಲ್ ಕೋಡ್ ಇಳಿಸಿಕೊಳ್ಳುವುದು ಎಷ್ಟೋ ಮನೆಗಳಿಗೆ ಆಗದ ಮಾತಾಗಿತ್ತು, ಸಿಡಿಯೇ ದಾರಿ. 2001ರಲ್ಲಿ ಅವರೂ ಗೆಳೆಯರೂ ಶುರು ಮಾಡಿದ ಲಿನಕ್ಸ್ ಬೆಂಗಳೂರು ಸಮ್ಮೇಳನ ಮುಂದೆ ಫಾಸ್ ಡಾಟ್ ಇನ್ ಆಗಿ ಹೊರದೇಶದ ಕರ್ನೆಲ್ ಡೆವಲಪರುಗಳನ್ನೂ ಇಲ್ಲಿಗೆ ಕರೆತಂದಿತು. ಚಿಟ್ನಿಸ್ 2013ರಲ್ಲಿ ತೀರಿಕೊಂಡರು. ಯಶವಂತಪುರಕ್ಕೆ ಹೊಂದಿಕೊಂಡ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಕಂಪನಿಯವರ ಜೊತೆ ಸೇರಿ ರೂಪಿಸಿದ ಸಿಂಪ್ಯೂಟರ್ ಓಡುತ್ತಿದ್ದುದೂ ಲಿನಕ್ಸಿನ ಮೇಲೆಯೇ. ಅಂಗೈಯಗಲದ ಆ ಯಂತ್ರದಲ್ಲಿ ಇದ್ದದ್ದು ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್. ಅಂಥ ಯಂತ್ರಕ್ಕೆ ಕರ್ನೆಲ್ ಅನ್ನು ದೊಡ್ಡ ಪಿಸಿಯ ಮೇಲೆ ಕಂಪೈಲ್ ಮಾಡಿ ದಾಟಿಸಬೇಕು. 2004ರಲ್ಲಿ ಅದರ ‘ಅಮೀಡ’ ಮಾದರಿ ಮಾರುಕಟ್ಟೆಗೆ ಬಂದಾಗ ತಯಾರಿಕೆಗೆ ಕೈಜೋಡಿಸಿದ್ದು ಜಾಲಹಳ್ಳಿಯ ಬಿಇಎಲ್. ಸಿಂಪ್ಯೂಟರ್ ವ್ಯಾಪಾರದಲ್ಲಿ ಗೆಲ್ಲಲಿಲ್ಲ. ಆದರೂ ಕರ್ನೆಲ್ಲನ್ನು ಕೈಯಾರೆ ಕಟ್ಟಿ, ತಮ್ಮದೇ ಬೋರ್ಡಿನ ಮೇಲೆ ಎಬ್ಬಿಸಿ ನಿಲ್ಲಿಸಿದ ಜನ ನಮ್ಮ ಬೀದಿಗಳಲ್ಲಿ ಓಡಾಡಿದ್ದಾರೆ ಎಂಬುದನ್ನು ಈಗಿನ ಹುಡುಗರಿಗೆ ಹೇಳಬೇಕು.

ಮೂರನೆಯ ಸಲ ಬಿಲ್ಡ್ ಕೆಟ್ಟದ್ದು ಕರೆಂಟ್ ಹೋಗಿ. ಮಳೆಯ ಸಂಜೆ, ಯುಪಿಎಸ್ ಇಲ್ಲ. ಕರೆಂಟ್ ಬಂದ ಮೇಲೆ ಮೇಕ್ ಮತ್ತೆ ಓಡಿಸಿದರೆ, ಕಂಪೈಲ್ ಎಲ್ಲ ಮುಗಿದು ಲಿಂಕ್ ಆಗುವ ಹೊತ್ತಿಗೆ ಒಂದು ಆಬ್ಜೆಕ್ಟ್ ಫೈಲಿನ ಹೆಸರು ಹೇಳಿ ‘ಫೈಲ್ ಫಾರ್ಮ್ಯಾಟ್ ನಾಟ್ ರೆಕಗ್ನೈಸ್ಡ್’ ಎಂದಿತು. ಆ ಫೈಲಿನ ಗಾತ್ರ ನೋಡಿದರೆ ಸೊನ್ನೆ. ಹೆಸರು ಡಿಸ್ಕಿಗೆ ಬಿದ್ದಿತ್ತು, ಒಳಗಿನ ಮಾಹಿತಿ ಬೀಳುವ ಮುಂಚೆ ಕರೆಂಟ್ ಹೋಗಿತ್ತು. ಮೇಕ್ ಫೈಲಿನ ಒಳಗೆ ಇಣುಕುವುದಿಲ್ಲ. ಮೂಲ ಫೈಲಿಗಿಂತ ಆಬ್ಜೆಕ್ಟ್ ಫೈಲಿನ ಸಮಯ ಈಚಿನದಾಗಿದ್ದರೆ ಕೆಲಸ ಆಗಿದೆ ಎಂದೇ ಅದರ ತೀರ್ಮಾನ. ಸೊನ್ನೆ ಬೈಟಿನ ಫೈಲಿಗೂ ಹೊಸ ಸಮಯದ ಮುದ್ರೆ ಇತ್ತು. ಹೀಗಾದಾಗ ಸೊನ್ನೆ ಗಾತ್ರದ ಆಬ್ಜೆಕ್ಟ್ ಫೈಲುಗಳನ್ನು ಹುಡುಕಿ ಅಳಿಸಿದರೆ ಸಾಕು, ಮೇಕ್ ಅವನ್ನಷ್ಟೇ ಮತ್ತೆ ಮಾಡುತ್ತದೆ. ಹಳೇ ಮದರ್‌ಬೋರ್ಡಿನ ಗುಂಡಿ ಸೆಲ್ ಸತ್ತಿದ್ದರೆ ಇನ್ನೊಂದು ತೊಂದರೆ ಜೊತೆಗೆ ಬರುತ್ತದೆ. ಕರೆಂಟ್ ಹೋಗಿ ಬಂದಾಗ ಗಡಿಯಾರ ವರ್ಷಗಳ ಹಿಂದಕ್ಕೆ ಹೋಗುತ್ತದೆ, ನಿನ್ನೆ ಮಾಡಿದ ಫೈಲುಗಳೆಲ್ಲ ಭವಿಷ್ಯದವಾಗುತ್ತವೆ. ‘ಕ್ಲಾಕ್ ಸ್ಕ್ಯೂ’ ಎಂಬ ಎಚ್ಚರಿಕೆ ಕಂಡರೆ ಮೊದಲು ದಿನಾಂಕ ನೋಡಿ, ಸಿಆರ್2032 ಸೆಲ್ ಬದಲಿಸಿ. ಬೀದಿಯ ಗಡಿಯಾರದಂಗಡಿಯಲ್ಲೇ ಸಿಗುತ್ತದೆ.

ಇಷ್ಟೆಲ್ಲ ಆದ ಮೇಲೆ ಬಂದದ್ದು ನಿಜವಾದ ರೋಗ. ಕಂಪೈಲರ್ ತಾನೇ ಕುಸಿದು ಬಿತ್ತು: ‘ಇಂಟರ್ನಲ್ ಕಂಪೈಲರ್ ಎರರ್, ಸೆಗ್‌ಮೆಂಟೇಶನ್ ಫಾಲ್ಟ್’. ಫೈಲ್ ಸಿಸ್ಟಂ ಫೋಲ್ಡರಿನ ಒಂದು ಫೈಲ್ ಮೇಲೆ. ಮತ್ತೆ ಓಡಿಸಿದರೆ ಅದೇ ಫೈಲ್ ತಕರಾರಿಲ್ಲದೆ ಆಯಿತು, ನೆಟ್‌ವರ್ಕ್ ಫೋಲ್ಡರಿನ ಇನ್ನೊಂದರ ಮೇಲೆ ಬಿತ್ತು. ಇನ್ನೊಂದು ಸಲ, ಇನ್ನೆಲ್ಲೋ. ಹುಡುಗ ತನ್ನ ಸಿಸ್ಟಂ ಕಾಲ್ ಕೋಡನ್ನು ಅಳಿಸಿ ಅಳಿಸಿ ತಿದ್ದುತ್ತಿದ್ದ. ‘ಕೋಡ್ ಮುಟ್ಟಬೇಡ, ಮೊದಲು ಜಿಸಿಸಿ ಏನು ಹೇಳಿದೆ ಪೂರ್ತಿ ಓದು’ ಎಂದೆ. ಹೀಗೆ ಕುಸಿದಾಗ ಜಿಸಿಸಿ ಅದೇ ಫೈಲನ್ನು ತಾನಾಗಿ ಮತ್ತೆ ಪ್ರಯತ್ನಿಸಿ ನೋಡುತ್ತದೆ. ಎರಡನೆಯ ಸಲ ಫಲಿತಾಂಶ ಬೇರೆಯಾದರೆ, ಈ ದೋಷ ಮರುಕಳಿಸುತ್ತಿಲ್ಲ, ಬಹುಶಃ ಹಾರ್ಡ್‌ವೇರಿನ ಅಥವಾ ಓಎಸ್‌ನ ತೊಂದರೆ ಇರಬೇಕು ಎಂದು ಒಂದು ಸಾಲು ಬರೆಯುತ್ತದೆ. ಲಾಗ್‌ನಲ್ಲಿ ಆ ಸಾಲು ಇತ್ತು.

ಬಿಲ್ಡ್ ಕೆಟ್ಟಾಗ ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ: ಮತ್ತೆ ಓಡಿಸಿದರೆ ಅದೇ ಜಾಗದಲ್ಲಿ ಬೀಳುತ್ತದೆಯೇ? ಅದೇ ಜಾಗದಲ್ಲಿ ಬಿದ್ದರೆ ಕೋಡು, ಕಾನ್ಫಿಗ್, ಪ್ಯಾಕೇಜು, ಕಂಪೈಲರ್ ಆವೃತ್ತಿ ಇವುಗಳಲ್ಲಿ ಹುಡುಕಿ. ಜಾಗ ಬದಲಿಸುತ್ತಿದ್ದರೆ ಯಂತ್ರದ ಮುಚ್ಚಳ ತೆಗೆಯಿರಿ. ಕಂಪೈಲರ್ ಕೋಡನ್ನು ಓದಿ ಮೆಮೊರಿಯಲ್ಲಿ ಲಕ್ಷಾಂತರ ಪಾಯಿಂಟರುಗಳ ಜಾಲ ಹೆಣೆಯುತ್ತದೆ. ರ‍್ಯಾಮಿನಲ್ಲಿ ಒಂದು ಬಿಟ್ ಮಗುಚಿದರೂ ಒಂದು ಪಾಯಿಂಟರ್ ಎಲ್ಲೆಲ್ಲೋ ಕೈಚಾಚುತ್ತದೆ, ಕರ್ನೆಲ್ ಸಿಗ್ನಲ್ 11 ಕೊಟ್ಟು ಅದನ್ನು ಮುಗಿಸುತ್ತದೆ. ವಿಡಿಯೊ ನೋಡುವಾಗ ಅದೇ ಬಿಟ್ ಮಗುಚಿದರೆ ಒಂದು ಚುಕ್ಕೆಯ ಬಣ್ಣ ಕ್ಷಣಕಾಲ ಬದಲಾಗಬಹುದು, ಯಾರೂ ಗಮನಿಸುವುದಿಲ್ಲ. ಕೆಟ್ಟ ರ‍್ಯಾಮ್ ವರ್ಷಗಟ್ಟಲೆ ಕಾಣದೆ ಕೂತಿದ್ದು ಕರ್ನೆಲ್ ಬಿಲ್ಡಿನ ದಿನ ಹೊರಬೀಳುವುದು ಇದರಿಂದ. 1990ರ ದಶಕದಲ್ಲೇ ರೊಜಿಯರ್ ವೋಲ್ಫ್ ಎಂಬ ಡಚ್ ಎಂಜಿನಿಯರ್ ಸಿಗ್ನಲ್ 11ರ ಬಗ್ಗೆ ಪ್ರಶ್ನೋತ್ತರ ಬರೆದು ಇದನ್ನು ಲೋಕಕ್ಕೆ ತಿಳಿಸಿದ್ದರು.

ಉಬುಂಟು ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಸಾಮಾನ್ಯವಾಗಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಇರುತ್ತದೆ. ರಾತ್ರಿ ಓಡಲು ಬಿಟ್ಟು ಮಲಗಿದರೆ ಬೆಳಿಗ್ಗೆ ಪರದೆಯಲ್ಲಿ ಕೆಂಪು ಸಾಲುಗಳು. ಎರಡೂ ಸ್ಟಿಕ್ ತೆಗೆದು, ಚಿನ್ನದ ಬಣ್ಣದ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ಸ್ಲಾಟಿನ ಧೂಳು ಊದಿ ಮತ್ತೆ ಕೂರಿಸಿದೆವು. ಬಳ್ಳಾರಿ ರಸ್ತೆಯ ಬದಿಯ ಮನೆಗಳ ಧೂಳಿನಲ್ಲಿ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಇಲ್ಲಿ ಹೋಗಲಿಲ್ಲ. ಆಮೇಲೆ ಒಂದೊಂದನ್ನೇ ಒಂದೇ ಸ್ಲಾಟಿನಲ್ಲಿ ಹಾಕಿ ಪರೀಕ್ಷಿಸಿದಾಗ ಸೆಕೆಂಡ್ ಹ್ಯಾಂಡ್ ಸ್ಟಿಕ್ ಎರರ್ ತೋರಿಸಿತು, ಹಳೆಯದು ತೋರಿಸಲಿಲ್ಲ. ಸ್ಲಾಟ್ ಬದಲಿಸದೆ ಪರೀಕ್ಷಿಸುವುದು ಮುಖ್ಯ. ಎರಡನ್ನೂ ಬದಲಿಸಿದರೆ ದೋಷ ಸ್ಟಿಕ್ಕಿನದೋ ಸ್ಲಾಟಿನದೋ ತಿಳಿಯುವುದಿಲ್ಲ. ಕೆಟ್ಟ ಸ್ಟಿಕ್ ತೆಗೆದೊಡನೆ ಕೆಲಸ ಮುಗಿಯುವುದೂ ಇಲ್ಲ. ಅದು ಇದ್ದಾಗ ಎರರ್ ಕೊಡದೆ ಆದ ಫೈಲುಗಳಲ್ಲೂ ಮಗುಚಿದ ಬಿಟ್ ಇರಬಹುದು. ಹಾಗಾಗಿ ಕಾನ್ಫಿಗ್ ಫೈಲನ್ನೂ ತಾನು ಬರೆದ ಕೋಡನ್ನೂ ಬೇರೆ ಕಡೆ ಎತ್ತಿಟ್ಟು, ಹಳೇ ಫೋಲ್ಡರನ್ನು ಅಳಿಸಿ, ಮೂಲ ಕೋಡನ್ನು ಮತ್ತೆ ಬಿಚ್ಚಿ ಮೊದಲಿನಿಂದ ಶುರು ಮಾಡಿಸಿದೆ. ಉಳಿದ 4 ಜಿಬಿಯಲ್ಲಿ, ಕಿರಿದಾಗಿಸಿದ ಕಾನ್ಫಿಗ್‌ನೊಂದಿಗೆ, ಎರಡೇ ಜಾಬ್ ಕೊಟ್ಟು ಓಡಿಸಿದ ಬಿಲ್ಡ್ ನಿಧಾನಕ್ಕೆ, ಎಲ್ಲೂ ನಿಲ್ಲದೆ ಮುಗಿಯಿತು. ಅವನ ಸಿಸ್ಟಂ ಕಾಲ್ ಮೊದಲ ದಿನದಿಂದಲೂ ಸರಿಯಾಗಿಯೇ ಇತ್ತು.

ಈ ನಡುವೆ ಸಲಹೆ ಕೊಟ್ಟವರಲ್ಲಿ ಬಹಳ ಮಂದಿ ಹೇಳಿದ್ದು ಒಂದೇ ಮಾತು: ‘ಫಾರ್ಮ್ಯಾಟ್ ಮಾಡ್ಬಿಡು.’ ನನಗೆ ಈ ಸಲಹೆಯ ಮೇಲೆ ಸಿಟ್ಟಿದೆ. ಫಾರ್ಮ್ಯಾಟ್ ಮಾಡಿದ್ದರೆ ಲಾಗ್ ಹೋಗುತ್ತಿತ್ತು, ಡಿಮೆಸೇಜ್ ಹೋಗುತ್ತಿತ್ತು, ಕೆಟ್ಟ ಸ್ಟಿಕ್ ಮಾತ್ರ ಅಲ್ಲೇ ಕೂತಿರುತ್ತಿತ್ತು. ಒಂದೇ ಸಲ ಐದು ಬದಲಾವಣೆ ಮಾಡುವುದೂ ಇದೇ ಜಾತಿಯ ಕೆಟ್ಟ ಅಭ್ಯಾಸ. ಯಾವುದರಿಂದ ಸರಿಹೋಯಿತು ಎಂದು ತಿಳಿಯದ ರಿಪೇರಿ ಮುಂದಿನ ಸಲಕ್ಕೆ ಏನನ್ನೂ ಕಲಿಸುವುದಿಲ್ಲ. ಕಂಪನಿ ಸೇರಿದ ಮೇಲೆ ಕಂಡವರ ಕೋಡಿನಲ್ಲಿ, ಕಾಣದ ಯಂತ್ರದಲ್ಲಿ ಇಂಥದೇ ದೋಷ ಹುಡುಕಬೇಕಾಗುತ್ತದೆ. ಆಗ ಅಭ್ಯಾಸ ಕೈಹಿಡಿಯಬೇಕು.

ಯಲಹಂಕದಿಂದ ಹೆಬ್ಬಾಳ, ಯಶವಂತಪುರದವರೆಗೆ ಎಂಜಿನಿಯರಿಂಗ್ ಕಾಲೇಜುಗಳಿಗೆ ಇಲ್ಲಿ ಕೊರತೆಯಿಲ್ಲ. ಅಲ್ಲಿನ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ಲ್ಯಾಬಿನಿಂದ ತೆಗೆದುಹಾಕುವ ಹಳೇ ಕಂಪ್ಯೂಟರುಗಳಲ್ಲಿ ನಾಲ್ಕನ್ನಾದರೂ ವಿದ್ಯಾರ್ಥಿಗಳಿಗೆ ಬಿಟ್ಟುಕೊಡಿ, ಪ್ರತಿಯೊಬ್ಬರೂ ಒಮ್ಮೆ ಕರ್ನೆಲ್ ಕಟ್ಟಲಿ. ಅಂಕವನ್ನು ಓಡಿದ ಕರ್ನೆಲ್‌ಗಿಂತ ಹೆಚ್ಚಾಗಿ, ಎಲ್ಲಿ ಬಿತ್ತು, ಮೊದಲ ಎರರ್ ಏನಿತ್ತು, ಯಾವ ಒಂದು ಬದಲಾವಣೆಯಿಂದ ಮುಂದೆ ಹೋಯಿತು ಎಂದು ಅವರು ಬರೆದಿಟ್ಟ ಪುಟಕ್ಕೆ ಕೊಡಿ. ಮನೆಯಲ್ಲೇ ಪ್ರಯತ್ನಿಸುವವರು ಇದೊಂದನ್ನು ನೆನಪಿಡಿ: ಹೊಸ ಕರ್ನೆಲ್ ಎಷ್ಟೇ ಚೆನ್ನಾಗಿ ಆಗಿದ್ದರೂ, ಅದು ಕೆಲವು ದಿನ ತಡೆಯಿಲ್ಲದೆ ಓಡುವವರೆಗೆ ಹಳೆಯದನ್ನು ಅಳಿಸಬೇಡಿ, ಗ್ರಬ್ ಮೆನುವಿನಲ್ಲಿ ಇರಲಿ. ಇನ್‌ಸ್ಟಾಲ್ ಮಾಡುವ ಮುಂಚೆ ಬೂಟ್ ಪಾರ್ಟಿಶನ್‌ನಲ್ಲಿ ಜಾಗ ಇದೆಯೇ ಎಂದೂ ನೋಡಿಕೊಳ್ಳಿ.